ನದಿ ದಾಟುವ ದಾರಿಯೋ, ನದಿಯ ಜೊತೆ ಸಾಗುವ ದಾರಿಯೋ? ಇಂಗ್ಲೆಂಡಿನ ಗ್ರಾವೆಲ್ ಬೈಕ್ ರೂಟ್‌ಗಳ ಹೋಲಿಕೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣಿನ ದಾರಿಗೆ ತಕ್ಕ ಅಗಲ ಟೈರಿನ ಸೈಕಲ್) ಓಡಿಸಬೇಕು ಅಂತ ಆಸೆಪಡುವವರು ಸಾಮಾನ್ಯವಾಗಿ ಮೊದಲು ನೋಡುವುದು ದೂರ. 70 ಕಿಲೋಮೀಟರ್ ತಾನೇ, ಒಂದು ದಿನಕ್ಕೆ ಸರಿಹೋಯಿತು ಅಂತ ಲೆಕ್ಕ ಹಾಕುತ್ತಾರೆ. ನಾನು ದೂರವನ್ನು ಕೊನೆಗೆ ನೋಡುತ್ತೇನೆ. ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ದಾರಿ ನದಿಗಳನ್ನು ಅಡ್ಡ ದಾಟುತ್ತದೆಯೋ, ಇಲ್ಲ ನದಿಯ ಪಕ್ಕದಲ್ಲೇ ಸಾಗುತ್ತದೆಯೋ? ಚಕ್ರದ ಕೆಳಗೆ ಯಾವ ಕಲ್ಲಿದೆ?

ನದಿಗಳನ್ನು ಅಡ್ಡ ದಾಟುವ ದಾರಿಯಲ್ಲಿ ಪ್ರತಿ ಕಣಿವೆಗೂ ಇಳಿಯಬೇಕು, ಮತ್ತೆ ಹತ್ತಬೇಕು. ದಕ್ಷಿಣ ಇಂಗ್ಲೆಂಡಿನಲ್ಲಿ ನಾನು ಹೇಳುವ ದಾರಿಗಳ ಗುಡ್ಡಗಳು 250 ಮೀಟರ್ ಆಸುಪಾಸಿನವು. ಮ್ಯಾಪಿನಲ್ಲಿ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಇದು ನಂದಿ ಬೆಟ್ಟದ ಹಾಗೆ ಒಂದೇ ಸಲ ಹತ್ತಿ ಮುಗಿಸುವ ಏರಲ್ಲ. ಗಂಟೆಗೊಮ್ಮೆ ಹೊಸ ಏರು ಎದುರಾಗುತ್ತದೆ, ಸಂಜೆಯ ಹೊತ್ತಿಗೆ ಕಾಲು ಸೋಲುತ್ತದೆ. ನದಿಯ ಜೊತೆ ಸಾಗುವ ದಾರಿ ಬೇರೆ ಥರ. ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಮಾತಾಡುತ್ತಾ ಹೋಗಬಹುದು. ಇವೆರಡರಲ್ಲಿ ಯಾವುದೂ ಕಮ್ಮಿಯಲ್ಲ. ಆದರೆ ಒಂದು ಬಯಸಿ ಇನ್ನೊಂದಕ್ಕೆ ಹೋದರೆ ದಿನ ಕೆಡುತ್ತದೆ.

ಎಲ್ಲಿ ಓಡಿಸಬಹುದು?

ರೂಟ್ ಆರಿಸುವ ಮೊದಲು ಇದು ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಕಂಡ ಹೊಲದ ದಾರಿಯಲ್ಲೆಲ್ಲ ಸೈಕಲ್ ಬಿಡುವ ಹಾಗಿಲ್ಲ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ. ಅಲ್ಲಿ ನಡೆಯುವವರು, ಕುದುರೆ ಸವಾರರು, ಸೈಕಲ್‌ನವರು ಮೂವರೂ ಹೋಗಬಹುದು. ನೇರಳೆ ಮತ್ತು ಕೆಂಪು ಬಾಣದ ಬೈವೇಗಳೂ ನಮಗೆ ತೆರೆದಿವೆ. ಕೆಂಪು ಬಾಣದ ದಾರಿಯಲ್ಲಿ ಮಾತ್ರ ಜೀಪು, ಮೋಟಾರ್ ಬೈಕೂ ಬರುತ್ತವೆ.

ಬ್ರೈಡಲ್‌ವೇಗಳಲ್ಲಿ ಸೈಕಲ್‌ಗೆ ಹಕ್ಕು ಸಿಕ್ಕಿದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ನಡೆಯುವವರಿಗೂ ಕುದುರೆ ಸವಾರರಿಗೂ ನಾವು ದಾರಿ ಬಿಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹಿಂದಿನಿಂದ ಬಂದರೆ ಕುದುರೆ ಬೆದರುತ್ತದೆ. ದೂರದಿಂದಲೇ ಕೂಗಿ ಹೇಳಿ, ಸವಾರರು ಸರಿ ಅಂದ ಮೇಲೆ ನಿಧಾನವಾಗಿ, ಅಗಲ ಬಿಟ್ಟು ಮುಂದೆ ಹೋಗಿ. ಇದು ಬರೀ ಸೌಜನ್ಯದ ಮಾತಲ್ಲ, ಬೆದರಿದ ಕುದುರೆಯ ಮೇಲೆ ಒಬ್ಬರು ಕೂತಿರುತ್ತಾರೆ.

ಫೋನಿನ ಆ್ಯಪ್ ತೋರಿಸುವ ಗೆರೆಯನ್ನು ಪೂರ್ತಿ ನಂಬಬೇಡಿ. ಎಷ್ಟೋ ಸಲ ಅದು ಕಾಲುದಾರಿಯ ಮೇಲೆ ಕಳಿಸಿಬಿಡುತ್ತದೆ. ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡನೆನ್ಸ್ ಸರ್ವೆಯ 1:25,000 ಮ್ಯಾಪಿನಲ್ಲಿ ಉದ್ದುದ್ದ ಹಸಿರು ತುಂಡುಗೆರೆ ಬ್ರೈಡಲ್‌ವೇ, ಗಿಡ್ಡ ತುಂಡುಗೆರೆ ಕಾಲುದಾರಿ. ಹೊರಡುವ ಹಿಂದಿನ ರಾತ್ರಿ ಒಮ್ಮೆ ಹೋಲಿಸಿ ನೋಡಿದರೆ ಸಾಕು.

ಸೌತ್ ಡೌನ್ಸ್ ವೇ: ಎಲ್ಲ ನದಿಗಳನ್ನೂ ದಾಟುವ ದಾರಿ

ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿಲೋಮೀಟರ್. ಗುಡ್ಡದ ಸಾಲು ಪಶ್ಚಿಮದಿಂದ ಪೂರ್ವಕ್ಕೆ ಚಾಚಿಕೊಂಡಿದೆ. ಅರುನ್, ಅಡುರ್, ಊಸ್, ಕಕ್‌ಮಿಯರ್ ನದಿಗಳು ಉತ್ತರದಿಂದ ಬಂದು, ಗುಡ್ಡವನ್ನು ಸೀಳಿಕೊಂಡು ಸಮುದ್ರ ಸೇರುತ್ತವೆ. ಅವಕ್ಕೂ ಮೊದಲೇ, ಪಶ್ಚಿಮದಲ್ಲಿ, ಮಿಯಾನ್ ನದಿ ಸಿಗುತ್ತದೆ. ಪ್ರತಿ ನದಿಗೂ ನೆತ್ತಿಯಿಂದ ಕೆಳಗಿಳಿಯಬೇಕು, ಸೇತುವೆ ದಾಟಿ ಮತ್ತೆ ನೆತ್ತಿಗೆ ಹತ್ತಬೇಕು. ಬಟ್ಸರ್ ಹಿಲ್ 270 ಮೀಟರ್, ಡಿಚ್ಲಿಂಗ್ ಬೀಕನ್ 248 ಮೀಟರ್. ಒಂದೊಂದನ್ನೇ ನೋಡಿದರೆ ಚಿಕ್ಕವು. ಇಡೀ ದಾರಿಯ ಏರು ಕೂಡಿಸಿದರೆ 4,000 ಮೀಟರ್ ಹತ್ತಿರ ಬರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಹೋಗಬೇಕು? ನೆತ್ತಿಯ ಮೇಲೆ ಸಿಗುವ ನೋಟಕ್ಕೆ. ಬಲಗಡೆ ಸಮುದ್ರ, ಎಡಗಡೆ ಬೇಲಿ ಹಾಕಿದ ಹೊಲಗಳ ವೀಲ್ಡ್ ಬಯಲು, ಮಧ್ಯೆ ಬಿಳಿ ದಾರಿ. ಚಾಂಕ್ಟನ್‌ಬರಿ ರಿಂಗ್ ಅಂತ ಒಂದು ಜಾಗ ಬರುತ್ತದೆ. ಹಳೆಯ ಕೋಟೆಯ ದಿಬ್ಬದ ಮೇಲೆ 1760ರಲ್ಲಿ ಬೀಚ್ ಮರಗಳನ್ನು ವೃತ್ತವಾಗಿ ನೆಟ್ಟಿದ್ದರು. 1987ರ ಬಿರುಗಾಳಿಗೆ ಅದರಲ್ಲಿ ಬಹುಪಾಲು ಉರುಳಿದವು. ಮತ್ತೆ ನೆಟ್ಟ ಮರಗಳು ಈಗ ಎದ್ದು ನಿಂತಿವೆ. ಅಲ್ಲಿ ಹತ್ತು ನಿಮಿಷ ಕೂರದೆ ಯಾರೂ ಮುಂದೆ ಹೋಗಬಾರದು.

ನೆಲ ಸೀಮೆಸುಣ್ಣದ ಕಲ್ಲು. ಅದರೊಳಗೆ ಚಕಮಕಿ ಕಲ್ಲಿನ ಚೂರುಗಳು ಸಿಕ್ಕಿಕೊಂಡಿರುತ್ತವೆ. ಒಣಗಿದ ದಿನ ಗಟ್ಟಿಯಾಗಿ, ವೇಗವಾಗಿ ಓಡುತ್ತದೆ. ಮಳೆ ಬಿದ್ದರೆ ಮೇಲಿನ ಪದರ ಜಾರುವ ಪೇಸ್ಟ್ ಆಗುತ್ತದೆ, ಅದರಲ್ಲೂ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲುವುದಿಲ್ಲ. ಚಕಮಕಿ ಕಲ್ಲಿನ ಅಂಚು ಬ್ಲೇಡಿನಷ್ಟು ಚೂಪು, ಟೈರಿನ ಪಕ್ಕವನ್ನು ಸೀಳುತ್ತದೆ. 35 ಮಿಲಿಮೀಟರ್ ಅಗಲದ ಟೈರಿನಲ್ಲಿ ಇಲ್ಲಿಗೆ ಬರಬೇಡಿ. 45 ಮಿಲಿಮೀಟರ್, ಟ್ಯೂಬ್‌ಲೆಸ್ ಇದ್ದರೆ ನೆಮ್ಮದಿ. ಮೌಂಟನ್ ಬೈಕ್ ಇರುವವರು ಅದನ್ನೇ ತಂದರೂ ತಪ್ಪಿಲ್ಲ. ಕೆಲವು ಇಳಿಜಾರುಗಳು ಗ್ರಾವೆಲ್ ಬೈಕಿಗೆ ನಿಜಕ್ಕೂ ಒರಟು.

ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಈ ಭಾಗದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಬೆನ್ನಿಗೆ ಇರುತ್ತದೆ. ಕೊನೆಯಲ್ಲಿ ಆಲ್ಫ್ರಿಸ್ಟನ್ ಹಳ್ಳಿಯ ಹತ್ತಿರ ದಾರಿ ಎರಡಾಗುತ್ತದೆ. ಫೋಟೋಗಳಲ್ಲಿ ಕಾಣುವ ಸೆವೆನ್ ಸಿಸ್ಟರ್ಸ್ ಬಂಡೆಗಳ ದಾರಿ ನಡೆಯುವವರಿಗೆ. ಸೈಕಲ್‌ನವರು ಜೆವಿಂಗ್ಟನ್ ಕಡೆಯ ಬ್ರೈಡಲ್‌ವೇ ಹಿಡಿಯಬೇಕು. ಬಂಡೆಗಳನ್ನು ನೋಡಲೇಬೇಕು ಅಂತಿದ್ದರೆ ಇನ್ನೊಂದು ದಿನ ನಡೆದುಕೊಂಡೇ ಹೋಗಿ.

ಒಂದೇ ದಿನದಲ್ಲಿ ಪೂರ್ತಿ ದಾರಿ ಮುಗಿಸುವವರು ಇದ್ದಾರೆ. ನಾನು ಮೂರು ದಿನ ಇಟ್ಟುಕೊಳ್ಳಿ ಅನ್ನುತ್ತೇನೆ. ಒಂದೇ ದಿನ ಇದ್ದರೆ ಆ್ಯಂಬರ್ಲಿಯಿಂದ ಸೌತೀಸ್‌ವರೆಗೆ ಮಾಡಿ. ಎರಡೂ ಕಡೆ ದಾರಿಯ ಪಕ್ಕದಲ್ಲೇ ರೈಲು ಸ್ಟೇಷನ್ ಇದೆ. ದೂರ 50ರಿಂದ 60 ಕಿಲೋಮೀಟರ್. ಚಾಂಕ್ಟನ್‌ಬರಿ, ಡೆವಿಲ್ಸ್ ಡೈಕ್ ಕಣಿವೆ, ಡಿಚ್ಲಿಂಗ್ ಬೀಕನ್ ಮೂರೂ ಅದರಲ್ಲೇ ಸಿಗುತ್ತವೆ. ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳೂ ಇವೆ. ಗೇಟುಗಳು ಮಾತ್ರ ಹತ್ತಾರು, ಇಳಿಯುವುದು ಹತ್ತುವುದು ನಡೆದೇ ಇರುತ್ತದೆ.

ರಿಜ್‌ವೇ: ನದಿಯನ್ನು ದೂರವಿಟ್ಟ ದಾರಿ

ಎತ್ತರದ ನೋಟ ಬೇಕು, ಆದರೆ ಗಳಿಗೆಗೊಮ್ಮೆ ಹತ್ತಿ ಇಳಿಯುವುದು ಬೇಡ ಅನ್ನುವವರಿಗೆ ಇದು. ಏವ್‌ಬರಿ ಹತ್ತಿರದ ಓವರ್ಟನ್ ಹಿಲ್‌ನಿಂದ ಶುರುವಾಗಿ ಐವಿಂಗ್‌ಹೋ ಬೀಕನ್‌ವರೆಗೆ ಒಟ್ಟು 139 ಕಿಲೋಮೀಟರ್. ಸೈಕಲ್‌ಗೆ ಲೆಕ್ಕ ಪಶ್ಚಿಮದ ಅರ್ಧ ಮಾತ್ರ, ಅಂದರೆ ಥೇಮ್ಸ್ ದಂಡೆಯ ಸ್ಟ್ರೀಟ್ಲಿವರೆಗಿನ ಸುಮಾರು 70 ಕಿಲೋಮೀಟರ್. ಪೂರ್ವದ ಅರ್ಧದಲ್ಲಿ ಹಲವು ಕಡೆ ಕಾಲುದಾರಿ ಬರುತ್ತದೆ, ಅಲ್ಲಿ ಸೈಕಲ್ ಬಿಡುವ ಹಾಗಿಲ್ಲ. ಹೆಸರು ಒಂದೇ ಅಂತ ಪೂರ್ತಿ ದಾರಿಗೆ ಹೊರಟುಬಿಡಬೇಡಿ.

ದಾರಿ ಗುಡ್ಡದ ನೆತ್ತಿಯಲ್ಲೇ ಉಳಿಯುತ್ತದೆ. ಸಾವಿರಾರು ವರ್ಷಗಳಿಂದ ಜನ, ದನ, ಕುರಿ ನಡೆದ ಜಾಡು ಇದು. ಕೆಳಗಿನ ಕಣಿವೆಗಳು ಆಗ ಕಾಡು, ಕೆಸರು. ನೆತ್ತಿ ಒಣಗಿರುತ್ತಿತ್ತು, ಹಾಗಾಗಿ ಜನ ಮೇಲೆ ನಡೆದರು. ದಾರಿಯಲ್ಲಿ ಸಿಗುವ ವೇಲ್ಯಾಂಡ್ಸ್ ಸ್ಮಿತಿ 5,000 ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿ. ಅಲ್ಲಿಂದ ಸ್ವಲ್ಪ ಮುಂದೆ ಅಫಿಂಗ್ಟನ್‌ನ ಬಿಳಿ ಕುದುರೆ. ಗುಡ್ಡದ ಹುಲ್ಲನ್ನು ಕೆತ್ತಿ, ಸೀಮೆಸುಣ್ಣದ ಕಲ್ಲು ತುಂಬಿ ಮಾಡಿದ 110 ಮೀಟರ್ ಉದ್ದದ ಆಕೃತಿ. ಸುಮಾರು 3,000 ವರ್ಷಗಳಿಂದ ಪ್ರತಿ ತಲೆಮಾರಿನ ಜನ ಅದರ ಕಳೆ ಕಿತ್ತು, ಮತ್ತೆ ಬಿಳಿ ಮಾಡಿದ್ದರಿಂದಲೇ ಅದು ಉಳಿದಿದೆ. ಯಾವುದಾದರೂ ಒಂದು ತಲೆಮಾರು ಬಿಟ್ಟಿದ್ದರೂ ಹುಲ್ಲು ಮುಚ್ಚಿಬಿಡುತ್ತಿತ್ತು.

ತೊಂದರೆ ನೀರಿನದು. ಸೀಮೆಸುಣ್ಣದ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಆ ನೀರು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಅದಕ್ಕೇ ಹಳ್ಳಿಗಳೆಲ್ಲ ಬುಡದಲ್ಲಿ ಸಾಲಾಗಿ ಇವೆ, ನೆತ್ತಿಯ ಮೇಲೆ ಅಂಗಡಿಯೂ ಇಲ್ಲ, ಹೋಟೆಲೂ ಇಲ್ಲ. ಊಟಕ್ಕೆ ಅಂತ ಕೆಳಗಿಳಿದರೆ ಮತ್ತೆ ಹತ್ತಬೇಕು. ಎರಡು ದೊಡ್ಡ ಬಾಟಲಿ ನೀರು, ದಿನಕ್ಕಾಗುವಷ್ಟು ತಿಂಡಿ ಜೊತೆಗೇ ಇರಲಿ. ಇನ್ನೊಂದು ವಿಷಯ: ಕೆಲವು ಭಾಗಗಳಲ್ಲಿ ಜೀಪು, ಟ್ರ್ಯಾಕ್ಟರ್ ಓಡಿ ಆಳವಾದ ಜಾಡು ಬಿದ್ದಿರುತ್ತದೆ. ಬೇಸಿಗೆಯಲ್ಲಿ ಅದರ ಅಂಚು ಕಲ್ಲಿನಷ್ಟು ಗಟ್ಟಿ, ಚಳಿಗಾಲದಲ್ಲಿ ಅದರ ತುಂಬ ನೀರು. ಒಮ್ಮೆ ಜಾಡಿನೊಳಗೆ ಚಕ್ರ ಇಳಿದರೆ ಹೊರಗೆ ಬರಲು ಒದ್ದಾಡಬೇಡಿ. ನಿಧಾನ ಮಾಡಿ, ನಿಲ್ಲಿಸಿ, ಎತ್ತಿ ಇಡಿ.

ಕಿಂಗ್ ಆಲ್ಫ್ರೆಡ್ಸ್ ವೇ: ರಜೆ ಇದ್ದವರಿಗೆ

ಸೈಕ್ಲಿಂಗ್ ಯುಕೆ ಸಂಸ್ಥೆ 2020ರಲ್ಲಿ ಈ ರೂಟ್ ಪ್ರಕಟಿಸಿತು. ವಿಂಚೆಸ್ಟರ್‌ನಿಂದ ಹೊರಟು ವಿಂಚೆಸ್ಟರ್‌ಗೇ ಮರಳುವ 350 ಕಿಲೋಮೀಟರ್ ಸುತ್ತು. ಸ್ಟೋನ್‌ಹೆಂಜ್, ಏವ್‌ಬರಿಯ ಕಲ್ಲಿನ ವೃತ್ತ, ರಿಜ್‌ವೇ, ರೆಡಿಂಗ್, ಫಾರ್ನಮ್, ಕೊನೆಗೆ ಸೌತ್ ಡೌನ್ಸ್ ವೇಯ ಒಂದು ಭಾಗ ಎಲ್ಲ ಇದರಲ್ಲಿ ಸೇರಿವೆ. ನಾಲ್ಕೈದು ದಿನ ರಜೆ ಇದ್ದು, ಒಂದೇ ಪ್ರಯಾಣದಲ್ಲಿ ದಕ್ಷಿಣ ಇಂಗ್ಲೆಂಡಿನ ಎಲ್ಲ ಥರದ ನೆಲ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಎಲ್ಲ ಥರದ ನೆಲ ಅಂದರೆ ಕಷ್ಟವೂ ಎಲ್ಲ ಥರದ್ದು. ಫಾರ್ನಮ್ ದಾಟಿದ ಮೇಲೆ ಸರ್ರೆಯ ಕುರುಚಲು ಬಯಲಿನಲ್ಲಿ ಮರಳು ಸಿಗುತ್ತದೆ. ತೆಳು ಟೈರು ಅದರಲ್ಲಿ ಹೂತುಕೊಳ್ಳುತ್ತದೆ. ಡೆವಿಲ್ಸ್ ಪಂಚ್ ಬೌಲ್ ಎಂಬ ಬಟ್ಟಲಿನಂಥ ಕಣಿವೆಯ ಹತ್ತಿರ ಮಾತ್ರ ಮನಸ್ಸು ಹಗುರಾಗುತ್ತದೆ. 2011ರಲ್ಲಿ ಹೈಂಡ್‌ಹೆಡ್ ಸುರಂಗ ತೆರೆದ ಮೇಲೆ ಹಳೆಯ ಎ3 ಹೆದ್ದಾರಿಯನ್ನು ಕಿತ್ತು, ಆ ಜಾಗವನ್ನು ಮತ್ತೆ ಬಯಲಿಗೆ ಬಿಟ್ಟುಕೊಟ್ಟರು. ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಡೆ ಈಗ ಹಕ್ಕಿ ಕೂಗು ಕೇಳುತ್ತದೆ.

ರೆಡಿಂಗ್ ಸುತ್ತಮುತ್ತ ನೆಲೆಸಿರುವ ಕನ್ನಡದವರಿಗೆ ಒಂದು ಅನುಕೂಲ ಇದೆ. ಸುತ್ತು ಆದ್ದರಿಂದ ವಿಂಚೆಸ್ಟರ್‌ನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಮನೆಯಿಂದಲೇ ಹೊರಟು ಮನೆಗೇ ಬರಬಹುದು, ಅಲ್ವಾ?

ಪೀಕ್ ಡಿಸ್ಟ್ರಿಕ್ಟ್: ರೈಲು ಬಿಟ್ಟುಹೋದ ದಾರಿಗಳು

ಈಗ ಇನ್ನೊಂದು ಬಗೆಗೆ ಬರೋಣ. ಮೊದಲ ಸಲ ಗ್ರಾವೆಲ್ ಬೈಕ್ ಹತ್ತುವವರಿಗೆ, ಮಕ್ಕಳಿರುವವರಿಗೆ, ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಮಾನ್ಸಲ್ ಟ್ರೇಲ್. ಮಧ್ಯ ಇಂಗ್ಲೆಂಡಿನ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ, ಡರ್ಬಿಶೈರ್‌ನ ವೈ ನದಿಯ ಕಣಿವೆಯಲ್ಲಿ ಸುಮಾರು 14 ಕಿಲೋಮೀಟರ್. 1968ರಲ್ಲಿ ನಿಂತುಹೋದ ರೈಲು ಮಾರ್ಗ ಇದು. ಉಗಿಬಂಡಿಗೆ ಕಡಿದಾದ ಏರು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಕಣಿವೆಯ ಗೋಡೆಯನ್ನು ಕೊರೆದು, ಸುರಂಗ ಮಾಡಿ, ಸೇತುವೆ ಕಟ್ಟಿ ಹಳಿಯನ್ನು ಹೆಚ್ಚುಕಮ್ಮಿ ಸಮತಟ್ಟಾಗಿ ಇಟ್ಟರು. ಅವತ್ತಿನ ಎಂಜಿನಿಯರ್‌ಗಳು ಪಟ್ಟ ಶ್ರಮದ ಲಾಭ ಇವತ್ತು ನಮ್ಮ ಮೊಣಕಾಲಿಗೆ ಸಿಗುತ್ತಿದೆ.

ಸುರಂಗಗಳು ದಶಕಗಟ್ಟಲೆ ಮುಚ್ಚಿದ್ದವು. 2011ರಲ್ಲಿ ತೆರೆದ ಮೇಲೆ ದಾರಿ ಪೂರ್ತಿಯಾಯಿತು. ಹೆಡ್‌ಸ್ಟೋನ್ ಸುರಂಗ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅದರ ಬಾಯಿಂದ ಹೊರಬಂದ ತಕ್ಷಣ ಹೆಡ್‌ಸ್ಟೋನ್ ಸೇತುವೆ, ಕೆಳಗೆ ತಿರುಗಿ ಹರಿಯುವ ವೈ ನದಿ. ಕತ್ತಲೆಯಿಂದ ಒಮ್ಮೆಗೇ ಆ ಬೆಳಕಿಗೆ ಬರುವುದಕ್ಕಾಗಿಯೇ ಬೇಕ್‌ವೆಲ್ ಕಡೆಯಿಂದ ಶುರು ಮಾಡಿ ಅಂತ ಹೇಳುತ್ತೇನೆ. ಸುರಂಗದಲ್ಲಿ ಹಗಲು ಹೊತ್ತು ದೀಪ ಇರುತ್ತದೆ. ಸಂಜೆ ತಡವಾಗುವಂತಿದ್ದರೆ ನಿಮ್ಮ ದೀಪ ತನ್ನಿ. ಬೇಸಿಗೆಯ ಶನಿವಾರ, ಭಾನುವಾರ ಇಲ್ಲಿ ಜನ ಜಾಸ್ತಿ. ಬೆಳಗ್ಗೆ ಒಂಬತ್ತಕ್ಕೆ ಮೊದಲು ಹೋದರೆ ದಾರಿ ನಿಮ್ಮದೇ.

ದಿನಪೂರ್ತಿ ಓಡಿಸಬೇಕು ಅನ್ನುವವರಿಗೆ ಮಾನ್ಸಲ್ ಸಾಲದು. ಅವರು ಟಿಸ್ಸಿಂಗ್ಟನ್ ಟ್ರೇಲ್ ಮತ್ತು ಹೈ ಪೀಕ್ ಟ್ರೇಲ್ ನೋಡಲಿ. ಟಿಸ್ಸಿಂಗ್ಟನ್ 21 ಕಿಲೋಮೀಟರ್, ಹೈ ಪೀಕ್ ಸುಮಾರು 28. ಎರಡೂ ಪಾರ್ಸ್ಲಿ ಹೇ ಎಂಬಲ್ಲಿ ಕೂಡುತ್ತವೆ. ಅಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ, ಆ್ಯಶ್‌ಬೋರ್ನ್‌ನಲ್ಲೂ ಸಿಗುತ್ತದೆ. ಆ್ಯಶ್‌ಬೋರ್ನ್‌ನಿಂದ ಹೊರಟರೆ ಹೋಗುವಾಗ ಮೆಲ್ಲನೆ ಏರು, ಬರುವಾಗ ಇಳಿಜಾರು. ಸುಸ್ತಾದ ಹೊತ್ತಿಗೆ ಇಳಿಜಾರು ಸಿಗುವುದು ಎಷ್ಟೋ ವಾಸಿ.

ಹೈ ಪೀಕ್ ಟ್ರೇಲ್‌ನ ಕಥೆ ಬೇರೆ. 1830ರ ಹೊತ್ತಿಗೆ ಎರಡು ಕಾಲುವೆಗಳನ್ನು ಕೂಡಿಸಲು ಮಾಡಿದ ರೈಲು ಮಾರ್ಗ ಅದು. ಕಾಲುವೆ ಕಟ್ಟುವವರ ಬುದ್ಧಿಯಿಂದ ಯೋಚಿಸಿದ್ದರು. ಮೇಲೆಲ್ಲ ಸಮತಟ್ಟು, ನಡುನಡುವೆ ಕಡಿದಾದ ಏರು. ಆ ಏರಿನಲ್ಲಿ ಒಂದೇ ಕಡೆ ನಿಂತ ಉಗಿಯಂತ್ರ ಬಂಡಿಗಳನ್ನು ಹಗ್ಗ, ಸರಪಳಿ ಕಟ್ಟಿ ಎಳೆಯುತ್ತಿತ್ತು. ಕ್ರಾಮ್‌ಫರ್ಡ್ ಕಡೆಯಿಂದ ಬಂದರೆ ಆ ಏರುಗಳು ಈಗ ನಿಮ್ಮ ಪಾಲಿಗೆ, ಎಂಟಡಿ ಹೋದರೆ ಒಂದಡಿ ಮೇಲೆ. ಎರಡು ಏರು ಮುಗಿಸಿ ಮಿಡ್ಲ್‌ಟನ್ ಟಾಪ್ ತಲುಪಿದರೆ ಮುಂದೆ ಬಹುತೇಕ ಆರಾಮ. ಅಲ್ಲಿಯ ಹಳೆಯ ಎಂಜಿನ್ ಮನೆ ಇನ್ನೂ ನಿಂತಿದೆ. ಮಕ್ಕಳಿದ್ದರೆ ಕಾರಿನಲ್ಲಿ ನೇರ ಮಿಡ್ಲ್‌ಟನ್ ಟಾಪ್‌ಗೇ ಹೋಗಿ ಶುರು ಮಾಡಿ.

ಇಲ್ಲಿಯ ನೆಲ ಸುಣ್ಣದ ಕಲ್ಲಿನ ಸಣ್ಣ ಜಲ್ಲಿ ಮತ್ತು ಪುಡಿ. ಮಳೆ ಬಂದರೂ ಕೆಸರಾಗುವುದಿಲ್ಲ, ಬಟ್ಟೆ ಮಾತ್ರ ಬೂದು ಬಣ್ಣಕ್ಕೆ ತಿರುಗುತ್ತದೆ. 35 ಮಿಲಿಮೀಟರ್ ಟೈರು ಸಾಕು. ವರ್ಷದ ಯಾವ ತಿಂಗಳಲ್ಲಾದರೂ ಧೈರ್ಯವಾಗಿ ಹೋಗಬಹುದಾದ ದಾರಿ ಈ ಪಟ್ಟಿಯಲ್ಲಿ ಇದೊಂದೇ. ಮೂರೂ ಟ್ರೇಲ್ ಒಂದೇ ಸಲ ಮಾಡಬೇಕು ಅನ್ನುವವರು ನೆನಪಿಡಿ, ಮಾನ್ಸಲ್ ಉಳಿದೆರಡಕ್ಕೆ ನೇರವಾಗಿ ಕೂಡುವುದಿಲ್ಲ. ನಡುವೆ ಹಳ್ಳಿ ರಸ್ತೆಗಳಲ್ಲಿ ಏರು ಹತ್ತಬೇಕು.

ಸ್ವೇಲ್ ಟ್ರೇಲ್: ಚಿಕ್ಕದು, ಚೆಂದದ್ದು

ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ರೀತ್‌ನಿಂದ ಕೆಲ್ಡ್‌ವರೆಗೆ ಸ್ವೇಲ್ ನದಿಯ ಜೊತೆಗೇ 20 ಕಿಲೋಮೀಟರ್. ಇದು ರೈಲು ಮಾರ್ಗ ಅಲ್ಲ. ಹಳ್ಳಿ ರಸ್ತೆ, ಬ್ರೈಡಲ್‌ವೇ, ನದಿ ದಂಡೆ ಸೇರಿ ಆಗಿರುವ ದಾರಿ. ಅದಕ್ಕೇ ನದಿಯ ಪಕ್ಕದಲ್ಲಿದ್ದರೂ ಪೂರ್ತಿ ಸಮತಟ್ಟಲ್ಲ, ಕೆಲವು ಕಡೆ ಕಲ್ಲು ಎದ್ದಿರುತ್ತದೆ. ಜೂನ್ ತಿಂಗಳಲ್ಲಿ ಹುಲ್ಲುಗಾವಲು ತುಂಬ ಹೂ ಇರುತ್ತದೆ. ಜುಲೈನಲ್ಲಿ ಹುಲ್ಲು ಕೊಯ್ಯಲು ಶುರು ಮಾಡುತ್ತಾರೆ, ಆಮೇಲೆ ಆ ನೋಟ ಇಲ್ಲ. ಕಲ್ಲಿನ ಗೋಡೆ, ಪ್ರತಿ ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ, ಮೇಲಿನ ಗುಡ್ಡದಲ್ಲಿ ಸೀಸದ ಗಣಿಗಳ ಅವಶೇಷ. ಇಷ್ಟು ಚಿಕ್ಕ ದಾರಿಯಲ್ಲಿ ಇಷ್ಟೊಂದು ನೋಡಲು ಸಿಗುವ ಕಣಿವೆ ಅಪರೂಪ.

ಸ್ವೇಲ್ ನದಿ ಮಳೆಗೆ ಬೇಗ ಉಬ್ಬುತ್ತದೆ. 2019ರ ಜುಲೈ ಕೊನೆಯಲ್ಲಿ ಕೆಲವೇ ಗಂಟೆಗಳ ಮಳೆಗೆ ಈ ಭಾಗದಲ್ಲಿ ಸೇತುವೆಯೇ ಕೊಚ್ಚಿಹೋಗಿತ್ತು. ಮೇಲಿನ ಗುಡ್ಡದಲ್ಲಿ ಜೋರು ಮಳೆ ಅಂತ ಮುನ್ಸೂಚನೆ ಇದ್ದರೆ ಅವತ್ತು ಬೇಡ. ಕಣಿವೆಯಲ್ಲಿ ರೈಲು ಇಲ್ಲ, ಹತ್ತಿರದ ದೊಡ್ಡ ಸ್ಟೇಷನ್ ಡಾರ್ಲಿಂಗ್ಟನ್. ಕಾರು ಇಲ್ಲದವರಿಗೆ ಇದು ಸುಲಭದ ಆಯ್ಕೆ ಅಲ್ಲ.

ಇನ್ನೂ ಉತ್ತರಕ್ಕೆ, ನಾರ್ಥಂಬರ್ಲ್ಯಾಂಡಿನ ಕೀಲ್ಡರ್‌ನಲ್ಲಿ, ಕಾಡಿನ ಲಾರಿ ರಸ್ತೆಗಳಿವೆ. ನಾರ್ತ್ ಟೈನ್ ನದಿಗೆ ಕಟ್ಟಿದ ಜಲಾಶಯದ ಸುತ್ತ 42 ಕಿಲೋಮೀಟರ್ ದಾರಿಯೂ ಇದೆ. ಗ್ರಾವೆಲ್ ಓಡಿಸಲು ಇಂಗ್ಲೆಂಡಿನಲ್ಲಿ ಅತಿ ಗಟ್ಟಿ ನೆಲ ಅಲ್ಲಿಯದು. ಆದರೆ ನೋಟ ಬಹುತೇಕ ಪೈನ್, ಸ್ಪ್ರೂಸ್ ಮರಗಳದ್ದು. ಹೊಲ, ಹಳ್ಳಿ, ಚರ್ಚಿನ ಗೋಪುರ ನೋಡಲು ಬಂದವರಿಗೆ ನಿರಾಸೆ ಆಗುತ್ತದೆ. ಬೇಸಿಗೆಯಲ್ಲಿ ಕಚ್ಚುವ ಸಣ್ಣ ನೊಣಗಳ ಕಾಟ ಬೇರೆ.

ತಿಂಗಳು, ಟೈರು, ಊಟ, ರೈಲು

ಸೀಮೆಸುಣ್ಣದ ನೆಲದ ದಾರಿಗಳಿಗೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಜೂನ್‌ನಲ್ಲಿ ಹಗಲು 16 ಗಂಟೆಗೂ ಜಾಸ್ತಿ, ಡಿಸೆಂಬರ್‌ನಲ್ಲಿ 8 ಗಂಟೆ ಅಷ್ಟೇ. ಬೇಸಿಗೆ ಕಳೆದ ಮೇಲೆ ರೈತರು ಬೇಲಿ ಕತ್ತರಿಸುತ್ತಾರೆ. ಬೇಲಿಯ ಹಾಥಾರ್ನ್ ಗಿಡದ ಮುಳ್ಳು ದಾರಿ ತುಂಬ ಬಿದ್ದಿರುತ್ತದೆ. ಟ್ಯೂಬ್ ಇರುವ ಟೈರಾದರೆ ಪಂಕ್ಚರ್ ಖಂಡಿತ. ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಟೈರಿನ ಅಗಲ, ಟ್ಯೂಬ್‌ಲೆಸ್ ಹೌದೋ ಅಲ್ಲವೋ, ಅತಿ ಹಗುರ ಗೇರ್ ಎಷ್ಟು, ಈ ಮೂರು ಕೇಳಿ. ಬಣ್ಣ, ಬ್ರ್ಯಾಂಡ್ ಆಮೇಲೆ.

ಹಳ್ಳಿಯ ಪಬ್‌ಗಳಲ್ಲಿ ಎಷ್ಟೋ ಕಡೆ ಮಧ್ಯಾಹ್ನದ ಅಡುಗೆ ಎರಡು, ಎರಡೂವರೆಗೆ ಮುಗಿದು ಮತ್ತೆ ಶುರುವಾಗುವುದು ಸಂಜೆಗೆ. ಮೂರು ಗಂಟೆಗೆ ಹಸಿದು ಹೋದರೆ ಚಿಪ್ಸ್ ಪ್ಯಾಕೆಟ್ ಬಿಟ್ಟು ಬೇರೇನೂ ಇಲ್ಲ. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್ ಅಥವಾ ಚೀಸ್ ಹಾಕಿದ್ದು ಬಹುತೇಕ ಕೆಫೆಗಳಲ್ಲಿ ಸಿಗುತ್ತದೆ. ಆದರೂ ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಸುತ್ತಿದ ಚಪಾತಿ ಇದ್ದರೆ ಧೈರ್ಯ.

ಕೊನೆಗೆ ರೈಲು. ಲಂಡನ್‌ಗೆ ಹೋಗಿ ಬರುವ ರೈಲುಗಳಲ್ಲಿ ಬೆಳಗ್ಗೆ, ಸಂಜೆ ಆಫೀಸಿನ ಹೊತ್ತಿಗೆ ಮಡಚದ ಸೈಕಲ್ ಹತ್ತಿಸಲು ಬಿಡುವುದಿಲ್ಲ. ದೂರದ ರೈಲುಗಳಲ್ಲಿ ಹಲವು ಕಂಪನಿಗಳು ಸೈಕಲ್‌ಗೂ ಮೊದಲೇ ಜಾಗ ಬುಕ್ ಮಾಡಿ ಅನ್ನುತ್ತವೆ, ಜಾಗ ಇರುವುದು ಕೆಲವೇ ಕೆಲವು. ಭಾನುವಾರ ಹಳಿ ರಿಪೇರಿ ಇದ್ದರೆ ರೈಲಿನ ಬದಲು ಬಸ್ ಓಡಿಸುತ್ತಾರೆ. ಆ ಬಸ್‌ಗಳಲ್ಲಿ ಸಾಮಾನ್ಯವಾಗಿ ಸೈಕಲ್ ಹಾಕಿಕೊಳ್ಳುವುದಿಲ್ಲ. ಸೌತೀಸ್‌ನಂಥ ಚಿಕ್ಕ ಸ್ಟೇಷನ್‌ನಲ್ಲಿ ಕೆಸರು ಮೆತ್ತಿದ ಸೈಕಲ್ ಹಿಡಿದು ಸಂಜೆ ಆರಕ್ಕೆ ಇದು ಗೊತ್ತಾಗುವುದು ಬೇಡ. ಹೊರಡುವ ಹಿಂದಿನ ದಿನ ಆ ಲೈನಿನಲ್ಲಿ ರಿಪೇರಿ ಇದೆಯಾ ಅಂತ ನೋಡಿ, ಇದ್ದರೆ ಶನಿವಾರಕ್ಕೆ ಬದಲಾಯಿಸಿಕೊಳ್ಳಿ.